ಎದೆಯುರಿ, ಭೇದಿ, ಮಲಬದ್ಧತೆ: ಹೊಟ್ಟೆಯ ಔಷಧಗಳನ್ನು ಒಂದೊಂದಾಗಿ ತೂಗಿ ನೋಡಿದಾಗ

ಖಾಲಿ ಹೊಟ್ಟೆಯಲ್ಲಿ ನುಂಗಬೇಕಾದ ಕ್ಯಾಪ್ಸೂಲನ್ನು ರಾತ್ರಿ ಊಟ ಮುಗಿಸಿ ನುಂಗುವುದು, ಎರಡು ದಿನ ನೋಡಿ ‘ಇದು ನನಗೆ ಹಿಡಿಯಲಿಲ್ಲ’ ಎಂದು ಬಿಡುವುದು, ಆಮೇಲೆ ಬೇರೆ ಬ್ರ್ಯಾಂಡಿಗೆ ಹೋಗುವುದು. ಹೊಟ್ಟೆಯ ಔಷಧಗಳ ಮೇಲಿನ ದೂರುಗಳಲ್ಲಿ ಈ ಬಗೆಯವೇ ಹೆಚ್ಚು. ಅಲ್ಲಿ ಸೋತದ್ದು ಔಷಧವಲ್ಲ. ಹೊತ್ತು ತಪ್ಪಿರುತ್ತದೆ, ಅಳತೆ ತಪ್ಪಿರುತ್ತದೆ, ಇಲ್ಲವೇ ಒಂದು ಕಾಯಿಲೆಯ ಔಷಧವನ್ನು ಇನ್ನೊಂದಕ್ಕೆ ಬಳಸಲಾಗಿರುತ್ತದೆ.

ಅದಕ್ಕೇ ಈ ವಿಮರ್ಶೆ ಬ್ರ್ಯಾಂಡುಗಳದ್ದಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಹೆಸರನ್ನು ಬಿಟ್ಟು ಅದರ ಕೆಳಗೆ ಸಣ್ಣದಾಗಿ ಅಚ್ಚಾದ ಔಷಧದ ಹೆಸರನ್ನು ಓದಿಕೊಳ್ಳಿ. ಇಲ್ಲಿ ಹೇಳುವುದೆಲ್ಲ ಆ ಹೆಸರಿನ ಬಗ್ಗೆ. ಬೇರೆ ಹೇಳದಿದ್ದರೆ ಪ್ರಮಾಣಗಳೆಲ್ಲ ಆರೋಗ್ಯವಂತ ವಯಸ್ಕರಿಗೆ. ಗರ್ಭಿಣಿಯರು, ಕಿಡ್ನಿ ಅಥವಾ ಯಕೃತ್ತಿನ ತೊಂದರೆ ಇರುವವರು, ಹೃದಯದ ಮಾತ್ರೆ ನುಂಗುತ್ತಿರುವವರು ಇಲ್ಲಿನ ಅಂಕಿಗಳನ್ನು ನೇರವಾಗಿ ತಮಗೆ ಅನ್ವಯಿಸಿಕೊಳ್ಳದೆ ವೈದ್ಯರನ್ನೇ ಕೇಳಬೇಕು.

ಕ್ಷಣಕ್ಕೆ ಆಗುವ ಔಷಧಗಳು

ಆಂಟಾಸಿಡ್ ದ್ರಾವಣ ಮತ್ತು ಜಗಿಯುವ ಮಾತ್ರೆಗಳ ಕೆಲಸ ಸರಳ. ಜಠರದಲ್ಲಿ ಈಗಾಗಲೇ ಸುರಿದಿರುವ ಆಮ್ಲವನ್ನು ಕ್ಷಾರದಿಂದ ತಟಸ್ಥ ಮಾಡುತ್ತವೆ, ಹೊಸ ಆಮ್ಲ ಬರುವುದನ್ನು ತಡೆಯುವುದಿಲ್ಲ. ಹಾಗಾಗಿ ಕೆಲವೇ ನಿಮಿಷಗಳಲ್ಲಿ ಉರಿ ಇಳಿಯುತ್ತದೆ, ಆದರೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಪರಿಣಾಮ ಮುಗಿದೇಹೋಗುತ್ತದೆ. ಊಟವಾಗಿ ಒಂದು ಗಂಟೆಯ ನಂತರ ತೆಗೆದುಕೊಂಡರೆ ಅದೇ ಔಷಧ ಮೂರು ಗಂಟೆಯವರೆಗೂ ನಿಲ್ಲಬಹುದು, ಏಕೆಂದರೆ ಆಹಾರದ ಜೊತೆ ಅದೂ ಜಠರದಲ್ಲೇ ಉಳಿದಿರುತ್ತದೆ. ಒಂದೇ ಬಾಟಲಿ, ಒಂದೇ ಚಮಚ. ಹೊತ್ತು ಬದಲಾದರೆ ಸಿಗುವ ಲಾಭ ಹಲವು ಪಟ್ಟು.

ಬಾಟಲಿಯನ್ನು ಚೆನ್ನಾಗಿ ಕುಲುಕಿ ಸುರಿಯಬೇಕು. ಔಷಧ ತಳದಲ್ಲಿ ಕೂತಿರುತ್ತದೆ. ಕುಲುಕದೆ ಕುಡಿದವರಿಗೆ ಮೊದಲ ವಾರ ಸಿಹಿನೀರು, ಕೊನೆಯ ವಾರ ಗಟ್ಟಿ ಹಿಟ್ಟು. ಮಾತ್ರೆಯಾದರೆ ಪುಡಿಯಾಗುವ ತನಕ ಜಗಿಯಬೇಕು. ಇಡಿಯಾಗಿ ನುಂಗಿದರೆ ಅದು ಕರಗುವ ಹೊತ್ತಿಗೆ ಉರಿ ತಾನಾಗಿಯೇ ಇಳಿದಿರುತ್ತದೆ.

ಒಳಗೆ ಯಾವ ಲವಣವಿದೆ ಎಂಬುದರ ಮೇಲೆ ಅಡ್ಡಪರಿಣಾಮ ನಿಂತಿದೆ. ಮೆಗ್ನೀಸಿಯಂ ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ. ಎರಡನ್ನೂ ಬೆರೆಸಿ ಮಾರುವುದು ಇದೇ ಕಾರಣಕ್ಕೆ. ಕಿಡ್ನಿ ದುರ್ಬಲವಾಗಿರುವವರಲ್ಲಿ ಇವೆರಡೂ ರಕ್ತದಲ್ಲಿ ಸೇರಿಕೊಳ್ಳುವುದರಿಂದ ಅವರು ಈ ಬಾಟಲಿಯ ಹತ್ತಿರ ಹೋಗಬಾರದು. ಕ್ಯಾಲ್ಸಿಯಂ ಕಾರ್ಬೊನೇಟ್ ಬಲವಾದ ಆಂಟಾಸಿಡ್, ಆದರೆ ದಿನವೂ ಹಲವಾರು ಮಾತ್ರೆ ಜಗಿಯುವ ಅಭ್ಯಾಸ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. ನೀರಿನಲ್ಲಿ ನೊರೆಯುಕ್ಕುವ ಸೋಡಾ ಪುಡಿ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ದೊಡ್ಡ ತೇಗನ್ನೂ ತರುತ್ತದೆ. ಆ ತೇಗು ಆಮ್ಲದ ಜೊತೆ ಸೋಡಾ ಸೇರಿ ಹುಟ್ಟಿದ ಇಂಗಾಲದ ಡೈಆಕ್ಸೈಡ್. ಅದು ಹೊರಬಂದಾಗ ‘ಗ್ಯಾಸ್ ಹೋಯಿತು’ ಅನಿಸುವುದು ಸಹಜ. ಗ್ಯಾಸನ್ನು ಒಳಗೆ ಹಾಕಿದ್ದೂ ಅದೇ ಪುಡಿ. ಹೊಟ್ಟೆ ಬಿರಿಯುವಷ್ಟು ಉಂಡ ಮೇಲೆ ಇದನ್ನು ಕುಡಿಯುವುದು ಅಪಾಯ. ಸೋಡಿಯಂ ಹೆಚ್ಚಿರುವುದರಿಂದ ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೂ ಇದು ತಕ್ಕುದಲ್ಲ.

ಆಂಟಾಸಿಡ್ ಬೇರೆ ಔಷಧಗಳನ್ನು ಕಟ್ಟಿಹಾಕಿ ಮೈಗೆ ಸೇರದಂತೆ ಮಾಡುತ್ತದೆ ಎಂಬುದು ಬಹಳ ಜನ ಮರೆಯುವ ವಿಷಯ. ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್, ಕಬ್ಬಿಣಾಂಶದ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ 2 ಗಂಟೆ ಅಂತರ ಬೇಕು. ಥೈರಾಯ್ಡಿನ ಲೆವೊಥೈರಾಕ್ಸಿನ್‌ಗೆ 4 ಗಂಟೆ.

ಊಟವಾದ ಮೇಲೆ ಬಗ್ಗಿದರೆ, ಮಲಗಿದರೆ ಹುಳಿನೀರು ಗಂಟಲಿಗೆ ಬರುವವರಿಗೆ ಬರಿಯ ಆಂಟಾಸಿಡ್‌ಗಿಂತ ಆಲ್ಜಿನೇಟ್ ದ್ರಾವಣ ಮೇಲು. ಕಡಲಪಾಚಿಯಿಂದ ಬರುವ ಈ ಅಂಟು ಆಮ್ಲ ತಾಗಿದೊಡನೆ ಲೋಳೆಗಟ್ಟಿ, ಊಟದ ಮೇಲೆ ತೆಪ್ಪದಂತೆ ತೇಲಿ, ಅನ್ನನಾಳದ ಬಾಯನ್ನು ಮುಚ್ಚುತ್ತದೆ. 10ರಿಂದ 20 ಮಿ.ಲೀ., ಊಟ ಮುಗಿದ ಮೇಲೆ ಮತ್ತು ಮಲಗುವ ಮುಂಚೆ. ಅದರ ಮೇಲೆ ಲೋಟಗಟ್ಟಲೆ ನೀರು ಕುಡಿದರೆ ಆ ಪದರ ಒಡೆಯುತ್ತದೆ. ಕಡಿಮೆ ಹೆಸರು ಮಾಡಿರುವ ಒಳ್ಳೆಯ ಔಷಧ ಇದು. ಗರ್ಭಿಣಿಯರ ಎದೆಯುರಿಗೆ ವೈದ್ಯರು ಮೊದಲು ಕೈಹಾಕುವವುಗಳಲ್ಲಿ ಒಂದು.

ಸಿಮೆಥಿಕೋನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೊಟ್ಟೆಯಲ್ಲಿರುವ ಗ್ಯಾಸಿನ ಸಣ್ಣ ಗುಳ್ಳೆಗಳನ್ನು ಒಂದುಗೂಡಿಸಿ ದೊಡ್ಡದು ಮಾಡುತ್ತದೆ, ರಕ್ತಕ್ಕೆ ಸೇರುವುದಿಲ್ಲ, ಹಾನಿಯಿಲ್ಲ. ಕರುಳಿನಲ್ಲಿ ಗ್ಯಾಸ್ ಹುಟ್ಟುವುದನ್ನು ಇದು ತಡೆಯದು, ಹಾಗಾಗಿ ಹೆಚ್ಚು ನಿರೀಕ್ಷೆ ಬೇಡ.

ಆಮ್ಲದ ಮೂಲಕ್ಕೇ ಹೋಗುವವು

ಆಮ್ಲ ಸುರಿಯುವುದನ್ನೇ ಕಡಿಮೆ ಮಾಡಿದ ಮೊದಲ ಯಶಸ್ವಿ ಔಷಧ ಸಿಮೆಟಿಡಿನ್, 1976ರಲ್ಲಿ ಮಾರುಕಟ್ಟೆಗೆ ಬಂತು. ಜಠರದ ಕೋಶಗಳಿಗೆ ಹಿಸ್ಟಮಿನ್ ಎಂಬ ರಾಸಾಯನಿಕ ಕೊಡುವ ‘ಆಮ್ಲ ಸುರಿಸು’ ಎಂಬ ಸೂಚನೆಯನ್ನು ಅದು ತಡೆಯುತ್ತದೆ. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್ 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅದೇ ಗುಂಪಿನ ರಾನಿಟಿಡಿನ್ ದಶಕಗಳ ಕಾಲ ಮನೆಮಾತಾಗಿತ್ತು. ಇಟ್ಟಲ್ಲೇ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶ ಹೆಚ್ಚುತ್ತದೆ ಎಂಬ ಕಾರಣಕ್ಕೆ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ತೆಗೆಸಿತು. ಈಗ ಈ ಗುಂಪಿನಿಂದ ಕೊಳ್ಳುವುದಾದರೆ ಫ್ಯಾಮೋಟಿಡಿನ್. 20 ಮಿ.ಗ್ರಾಂ ನುಂಗಿದರೆ ಒಂದು ಗಂಟೆಯೊಳಗೆ ಶುರು, 10-12 ಗಂಟೆ ಪರಿಣಾಮ. ರಾತ್ರಿಯ ಉರಿಗೆ, ಯಾವಾಗಲೋ ಒಮ್ಮೆ ಬರುವ ಎದೆಯುರಿಗೆ ಇದು ಹೇಳಿಮಾಡಿಸಿದ್ದು. ದಿನವೂ ನುಂಗಿದರೆ ಒಂದೆರಡು ವಾರದಲ್ಲಿ ಮೈ ಅದಕ್ಕೆ ಒಗ್ಗಿಕೊಂಡು ಬಲ ಕುಗ್ಗುತ್ತದೆ. ‘ಮೊದಮೊದಲು ಚೆನ್ನಾಗಿತ್ತು, ಈಗ ಏನೂ ಆಗುತ್ತಿಲ್ಲ’ ಎಂಬ ದೂರಿಗೆ ಕಾರಣ ಇದು.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್. ಈ ‘ಪ್ರಜೋಲ್’ ಕುಟುಂಬ 1988ರಲ್ಲಿ ಒಮೆಪ್ರಜೋಲ್‌ನಿಂದ ಆರಂಭವಾಯಿತು. ಹುಣ್ಣು ಮಾಯಿಸುವುದರಲ್ಲಿ, ಅನ್ನನಾಳದ ಸುಟ್ಟಗಾಯ ವಾಸಿಮಾಡುವುದರಲ್ಲಿ ಮೇಲಿನ ಯಾವ ಔಷಧವೂ ಇವುಗಳ ಸಮಕ್ಕೆ ಬರುವುದಿಲ್ಲ. ಇಷ್ಟು ಒಳ್ಳೆಯ ಔಷಧ ಇಷ್ಟು ತಪ್ಪಾಗಿ ಬಳಕೆಯಾಗುತ್ತಿರುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಹಾಗಾಗಿ ಇದರ ಕೆಲಸದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಜಠರದ ಗೋಡೆಯ ಕೋಶಗಳಲ್ಲಿ ಆಮ್ಲ ಹೊರಹಾಕುವ ಸೂಕ್ಷ್ಮ ಪಂಪುಗಳಿವೆ. ರಾತ್ರಿಯಿಡೀ ಹಸಿದಿದ್ದಾಗ ಅವುಗಳಲ್ಲಿ ಬಹುಪಾಲು ಕೋಶದೊಳಗೆ ಮಡಚಿಕೊಂಡಿರುತ್ತವೆ; ಊಟ ಬಂದಾಗ ಹೊರಮೈಗೆ ಬಂದು ಕೆಲಸ ಶುರುಮಾಡುತ್ತವೆ. ಪ್ರಜೋಲ್ ಹಿಡಿದು ಮುಚ್ಚುವುದು ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ. ನುಂಗಿದ ಔಷಧ ರಕ್ತದಲ್ಲಿರುವುದು ಕೆಲವೇ ಗಂಟೆ, ಅರ್ಧದಷ್ಟು ಒಂದೂವರೆ ಗಂಟೆಯೊಳಗೇ ಖಾಲಿ. ಆ ಸಣ್ಣ ಅವಧಿಯಲ್ಲೇ ಪಂಪುಗಳು ಎದ್ದಿರಬೇಕು. ಅಂದರೆ ಮಾತ್ರೆ ಮೊದಲು, 30ರಿಂದ 60 ನಿಮಿಷ ಬಿಟ್ಟು ದಿನದ ಮೊದಲ ಊಟ. ಊಟವಾದ ಮೇಲೆ ನುಂಗಿದರೆ ಔಷಧ ಜಠರದಲ್ಲೇ ತಡೆದು, ರಕ್ತಕ್ಕೆ ಬರುವ ಹೊತ್ತಿಗೆ ಪಂಪುಗಳು ಮತ್ತೆ ಮಲಗಿರುತ್ತವೆ. ನುಂಗಿ ಏನೂ ತಿನ್ನದೆ ಮಧ್ಯಾಹ್ನದವರೆಗೆ ಇದ್ದರೂ ಅಷ್ಟೇ ನಷ್ಟ.

ಒಂದೇ ಮಾತ್ರೆಗೆ ಪೂರ್ಣ ಫಲ ಸಿಗುವುದಿಲ್ಲ. ಮೊದಲ ದಿನ ಕೆಲವು ಪಂಪುಗಳು ಮುಚ್ಚುತ್ತವೆ, ಮರುದಿನ ಇನ್ನಷ್ಟು. ಪೂರ್ಣ ಬಲಕ್ಕೆ 3ರಿಂದ 5 ದಿನ ಬೇಕು. ಉರಿ ಎದ್ದಾಗ ಒಂದು ನುಂಗುವ ಔಷಧವೇ ಇದಲ್ಲ, ಆ ಕೆಲಸ ಆಂಟಾಸಿಡ್‌ನದು. ಮೊದಲ ಮೂರ್ನಾಲ್ಕು ದಿನ ಎರಡನ್ನೂ ಇಟ್ಟುಕೊಳ್ಳಬಹುದು.

ಕ್ಯಾಪ್ಸೂಲಿನೊಳಗಿನ ಕಾಳುಗಳ ಮೇಲೆ ಆಮ್ಲಕ್ಕೆ ಕರಗದ ಲೇಪವಿದೆ. ಅರೆದರೆ, ಜಗಿದರೆ ಔಷಧ ಜಠರದಲ್ಲೇ ನಾಶವಾಗಿ ಕರುಳು ತಲುಪುವುದಿಲ್ಲ. ನುಂಗಲು ಕಷ್ಟಪಡುವವರಿಗೆ ಕಾಳಿನ ಕ್ಯಾಪ್ಸೂಲನ್ನು ಬಿಚ್ಚಿ ಒಂದು ಚಮಚ ಮೆತ್ತನೆಯ ಹುಳಿಹಣ್ಣಿನ ತಿರುಳಿನ ಮೇಲೆ ಉದುರಿಸಿ ಜಗಿಯದೆ ನುಂಗಿಸಬಹುದು. ಲೇಪದ ಮಾತ್ರೆಯನ್ನು ಮುರಿಯುವಂತಿಲ್ಲ.

ಸಾಮಾನ್ಯ ಪ್ರಮಾಣ ಒಮೆಪ್ರಜೋಲ್ ಮತ್ತು ರಾಬೆಪ್ರಜೋಲ್ 20, ಪ್ಯಾಂಟೊಪ್ರಜೋಲ್ 40, ಲ್ಯಾನ್ಸೊಪ್ರಜೋಲ್ 30 ಮಿ.ಗ್ರಾಂ, ದಿನಕ್ಕೊಮ್ಮೆ. ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿಗೆ 4 ವಾರ, ಜಠರದ ಹುಣ್ಣಿಗೆ ಮತ್ತು ಅನ್ನನಾಳದ ಉರಿಯೂತಕ್ಕೆ 8 ವಾರ ಸಾಮಾನ್ಯ ಅವಧಿ. ವೈದ್ಯರ ಚೀಟಿಯಿಲ್ಲದೆ ತಾವೇ ಕೊಂಡು ನುಂಗುವುದಾದರೆ 14 ದಿನಕ್ಕೆ ನಿಲ್ಲಿಸಬೇಕು. ಮಧ್ಯೆ ಕಡಿಮೆಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ಪರೀಕ್ಷೆ ಬೇಡುವ ಲಕ್ಷಣ.

ನಿಲ್ಲಿಸುವಾಗ ಇನ್ನೊಂದು ತೊಡಕಿದೆ. ತಿಂಗಳುಗಟ್ಟಲೆ ಆಮ್ಲ ತಡೆದಾಗ ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿಕೊಂಡು ಕಾಯುತ್ತಿರುತ್ತದೆ. ಮಾತ್ರೆ ಬಿಟ್ಟೊಡನೆ ಆಮ್ಲ ಮೊದಲಿಗಿಂತ ಜಾಸ್ತಿ ಸುರಿಯುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ 8 ವಾರ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ, ಮುಂದಿನ ವಾರಗಳಲ್ಲಿ ಶೇ. 44 ಮಂದಿಗೆ ಆಮ್ಲದ ತೊಂದರೆ ಕಾಣಿಸಿತು. ಖಾಲಿ ಮಾತ್ರೆ ನುಂಗಿದ್ದವರಲ್ಲಿ ಅದು ಶೇ. 15. ‘ಬಿಟ್ಟರೆ ಆಗುವುದೇ ಇಲ್ಲ, ಜೀವನಪೂರ್ತಿ ಬೇಕು’ ಎಂದು ನಂಬಿರುವ ಅನೇಕರು ಈ ಮರುಹೊಡೆತವನ್ನೇ ಹಳೆಯ ಕಾಯಿಲೆ ಎಂದು ತಿಳಿದಿರುತ್ತಾರೆ. ಪ್ರಮಾಣವನ್ನು ಅರ್ಧಕ್ಕಿಳಿಸಿ ಎರಡು ವಾರ, ಆಮೇಲೆ ದಿನ ಬಿಟ್ಟು ದಿನ ಎರಡು ವಾರ, ನಡುವೆ ಉರಿ ಬಂದಾಗ ಆಲ್ಜಿನೇಟ್: ಹೀಗೆ ಇಳಿಸುತ್ತ ಬಂದರೆ ಬಹಳ ಜನಕ್ಕೆ ಬಿಡಲು ಸಾಧ್ಯ. ಹೃದಯಕ್ಕಾಗಿ ಆಸ್ಪಿರಿನ್ ನುಂಗುತ್ತಿದ್ದು ಹಿಂದೆ ಹುಣ್ಣಿನಿಂದ ರಕ್ತ ಹೋದವರು, ಅನ್ನನಾಳದ ಒಳಪೊರೆ ಬದಲಾಗಿದೆ ಎಂದು ಎಂಡೋಸ್ಕೋಪಿಯಲ್ಲಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ತಿಳಿದವರು ಮಾತ್ರ ತಾವಾಗಿ ನಿಲ್ಲಿಸಬಾರದು. ಅವರಿಗೆ ಇದು ರಕ್ಷಣೆ.

ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು, ಕರುಳಿನ ಸೋಂಕಿನ ಸಂಭವ ಸ್ವಲ್ಪ ಏರುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲು ಕೊಡುವ ಕ್ಲೊಪಿಡೊಗ್ರೆಲ್ ನುಂಗುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ. ಆ ಔಷಧದ ಬಲವನ್ನು ಇವು ಕುಗ್ಗಿಸುತ್ತವೆ. ಅಲ್ಲಿ ಪ್ಯಾಂಟೊಪ್ರಜೋಲ್ ಸರಿ.

ಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆಸಿದ ಕ್ಯಾಪ್ಸೂಲುಗಳ ಬಗ್ಗೆ ನಮ್ಮ ಅಭಿಪ್ರಾಯ ಕಟುವಾಗಿದೆ. ಡೊಂಪೆರಿಡೋನ್ ವಾಕರಿಕೆ, ವಾಂತಿಯ ಔಷಧ. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಅದನ್ನು 10 ಮಿ.ಗ್ರಾಂನಂತೆ ದಿನಕ್ಕೆ ಗರಿಷ್ಠ ಮೂರು ಸಲ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಎಂದು ಕಟ್ಟಿಹಾಕಿದರು, ಹೃದಯದ ಬಡಿತ ಹದ ತಪ್ಪುವ ಭಯದಿಂದ. ಬರಿಯ ಎದೆಯುರಿಗೆ ಅದನ್ನು ತಿಂಗಳುಗಟ್ಟಲೆ ನುಂಗಲು ಯಾವ ಕಾರಣವೂ ಇಲ್ಲ. ಪೆಟ್ಟಿಗೆಯಲ್ಲಿ ಎರಡು ಹೆಸರು ಕಂಡರೆ ಒಂದೇ ಇರುವುದನ್ನು ಕೇಳಿ.

ಈ ಎಲ್ಲ ಔಷಧಗಳ ಮುಂದೆಯೂ ಒಂದು ಗೆರೆ ಇದೆ. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ರಕ್ತ ಅಥವಾ ಕಾಫಿಪುಡಿಯ ಬಣ್ಣದ ವಾಂತಿ, ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿಲ್ಲದ ವಾಂತಿ, 60 ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ. ಇವುಗಳಲ್ಲಿ ಒಂದಿದ್ದರೂ ಅಂಗಡಿಯ ಮಾತ್ರೆಯಲ್ಲ, ಎಂಡೋಸ್ಕೋಪಿ. 6-8 ಗಂಟೆ ಹಸಿದಿದ್ದು ಹೋದರೆ ನೋಡುವ ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಪ್ರಜೋಲ್ ಎಷ್ಟು ಪ್ರಬಲವೆಂದರೆ ಕ್ಯಾನ್ಸರಿನ ಹುಣ್ಣಿನ ನೋವನ್ನೂ ಸ್ವಲ್ಪ ಕಾಲ ಅಡಗಿಸಿಬಿಡಬಲ್ಲದು. ನಡೆದರೆ, ಮೆಟ್ಟಿಲು ಹತ್ತಿದರೆ ಶುರುವಾಗಿ, ಸುಮ್ಮನೆ ಕೂತರೆ ಇಳಿಯುವ ‘ಎದೆಯುರಿ’, ಬೆವರು, ತೋಳಿಗೋ ದವಡೆಗೋ ಹರಡುವ ನೋವು ಬಂದರೆ ಅದು ಹೊಟ್ಟೆಯದ್ದೆಂದು ಕೂರಬಾರದು. ತಡಮಾಡದೆ ಇಸಿಜಿ ಮಾಡಿಸಬೇಕು.

ಹುಣ್ಣಿನ ಕ್ರಿಮಿಗೆ ಕೊಡುವ ಕಿಟ್

ಹುಣ್ಣುಗಳ ಹಿಂದಿನ ಎರಡು ದೊಡ್ಡ ಕಾರಣಗಳು ನೋವಿನ ಮಾತ್ರೆಗಳು ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ಗಳು ಜಠರದ ರಕ್ಷಾಪದರಕ್ಕೆ ಬೇಕಾದ, ದೇಹವೇ ತಯಾರಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನೇ ತಡೆಯುತ್ತವೆ, ಇಂಜೆಕ್ಷನ್ ಆಗಿ ಕೊಟ್ಟರೂ ತಡೆಯುತ್ತವೆ. ಬ್ಯಾಕ್ಟೀರಿಯವನ್ನು ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಬೆಳೆಸಿ ತೋರಿಸಿದರು. 2005ರಲ್ಲಿ ನೊಬೆಲ್ ಬಂತು. ಹುಣ್ಣೆಂದರೆ ಒತ್ತಡ, ಆಮ್ಲ ಎಂದಷ್ಟೇ ನಂಬಿದ್ದ ವೈದ್ಯಲೋಕ ಅಲ್ಲಿಂದ ದಿಕ್ಕು ಬದಲಿಸಿತು.

ಹಳೆಯ ಮೂರು ಔಷಧಗಳ ಕಿಟ್‌ನಲ್ಲಿ ಒಂದು ಪ್ರಜೋಲ್, ಕ್ಲಾರಿತ್ರೊಮೈಸಿನ್ 500 ಮಿ.ಗ್ರಾಂ, ಅಮಾಕ್ಸಿಸಿಲಿನ್ 1 ಗ್ರಾಂ, ಎಲ್ಲವೂ ದಿನಕ್ಕೆ ಎರಡು ಸಲ. ಒಂದೊಂದು ಹೊತ್ತಿನ ಮಾತ್ರೆಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿರುವುದರಿಂದ ಮರೆಯುವುದು ಕಡಿಮೆ, ಬಳಕೆಗೆ ಬಹಳ ಅನುಕೂಲ. ಆದರೆ ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯ ಹಲವೆಡೆ ಹೆಚ್ಚಿರುವುದರಿಂದ ಅದರ ಗೆಲುವು ಕುಸಿದಿದೆ. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2024ರ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಸೂಚಿಸುವುದು ನಾಲ್ಕು ಔಷಧಗಳ 14 ದಿನದ ಕೋರ್ಸ್: ಪ್ರಜೋಲ್, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ದಿನಕ್ಕೆ ನಾಲ್ಕು ಹೊತ್ತು, ಕೈತುಂಬ ಮಾತ್ರೆ, ಬಾಯಲ್ಲಿ ಲೋಹದ ರುಚಿ, ವಾಕರಿಕೆ. ಕಷ್ಟದ ಕೋರ್ಸ್, ಆದರೂ ಫಲ ಹೆಚ್ಚು ನಂಬಲರ್ಹ. ಬಿಸ್ಮತ್‌ನಿಂದ ನಾಲಿಗೆ, ಮಲ ಕಪ್ಪಾಗುತ್ತವೆ, ಗಾಬರಿ ಬೇಡ. ಟೆಟ್ರಾಸೈಕ್ಲಿನ್ ಹಾಲಿನ ಜೊತೆ ಸಲ್ಲದು, ಮೆಟ್ರೊನಿಡಜೋಲ್ ಇರುವಾಗ ಮದ್ಯ ಸಲ್ಲದು. ಒಂಬತ್ತನೇ ದಿನ ನೋವು ಹೋಯಿತೆಂದು ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯ ಔಷಧಕ್ಕೆ ಬಗ್ಗದಂತಾಗುತ್ತದೆ, ಎರಡನೇ ಸಲ ಚಿಕಿತ್ಸೆ ಇನ್ನೂ ಕಠಿಣ.

ಕೋರ್ಸ್ ಮುಗಿದು ಕನಿಷ್ಠ 4 ವಾರದ ಮೇಲೆ ಮತ್ತೆ ಪರೀಕ್ಷೆ ಆಗಲೇಬೇಕು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಉಸಿರಿನ ಯೂರಿಯಾ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಒಳ್ಳೆಯವು. ಅದಕ್ಕೆ 2 ವಾರ ಮುಂಚೆ ಪ್ರಜೋಲ್ ನಿಲ್ಲಿಸಿರಬೇಕು, ಆಂಟಿಬಯಾಟಿಕ್ ಮತ್ತು ಬಿಸ್ಮತ್ 4 ವಾರ ಮುಂಚೆ. ಇಲ್ಲದಿದ್ದರೆ ಬ್ಯಾಕ್ಟೀರಿಯ ಇದ್ದೂ ‘ಇಲ್ಲ’ ಎಂದು ಬರುತ್ತದೆ. ರಕ್ತದ ಆಂಟಿಬಾಡಿ ಪರೀಕ್ಷೆಗೆ ಹಣ ಹಾಕಬೇಡಿ, ಬ್ಯಾಕ್ಟೀರಿಯ ಸತ್ತ ಮೇಲೂ ಅದು ಬಹುಕಾಲ ಪಾಸಿಟಿವ್ ತೋರಿಸುತ್ತಲೇ ಇರುತ್ತದೆ.

ಓಆರ್‌ಎಸ್: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಮೇಲು

ಇಡೀ ಪಟ್ಟಿಯಲ್ಲಿ ಒಂದನ್ನೇ ಮನೆಯಲ್ಲಿಡಿ ಎಂದರೆ ನಾವು ಆರಿಸುವುದು ಓಆರ್‌ಎಸ್ ಪೊಟ್ಟಣ. ಭೇದಿಯಲ್ಲಿ ಜೀವ ತೆಗೆಯುವುದು ರೋಗಾಣುವಿಗಿಂತ ಹೆಚ್ಚಾಗಿ ನೀರು ಮತ್ತು ಲವಣದ ನಷ್ಟ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಸಲೈನ್ ಬಾಟಲಿಗಳು ಸಾಲದೆ ಡಾ. ದಿಲೀಪ್ ಮಹಾಲನಬಿಸ್ ಉಪ್ಪು–ಗ್ಲೂಕೋಸಿನ ದ್ರಾವಣವನ್ನು ಕುಡಿಸಿದರು. ಶೇ. 30ರ ಸುತ್ತಮುತ್ತ ಇದ್ದ ಸಾವು ಶೇ. 3.6ಕ್ಕೆ ಇಳಿಯಿತು.

ಇದರ ಗುಟ್ಟು ಅನುಪಾತದಲ್ಲಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಂದೇ ಬಾಗಿಲಿನಿಂದ ಜೊತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು. ಭೇದಿಯಾಗುತ್ತಿದ್ದಾಗಲೂ ಈ ಬಾಗಿಲು ತೆರೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಒಪ್ಪಿದ ಸೂತ್ರದಂತೆ 1 ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ, ಸಾಂದ್ರತೆ 245 ಮಿಲಿಆಸ್ಮೋಲ್. ಕೊಳ್ಳುವಾಗ ಪೊಟ್ಟಣದ ಹಿಂಭಾಗದಲ್ಲಿ ಈ ಅಂಕಿಗಳನ್ನು ಹುಡುಕಿ. ಓಆರ್‌ಎಸ್ ಪಕ್ಕದಲ್ಲೇ ಅದನ್ನೇ ಹೋಲುವ ಡಬ್ಬಿಯಲ್ಲಿರುವ ಸಿಹಿ ಪಾನೀಯಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು, ಸೋಡಿಯಂ ತೀರ ಕಡಿಮೆ. ಕರುಳಿನಲ್ಲಿ ಹೀರದೆ ಉಳಿದ ಸಕ್ಕರೆ ಮೈಯಿಂದಲೇ ನೀರೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಮಗುವಿಗೆ ಅದನ್ನು ಕುಡಿಸಿ ‘ಓಆರ್‌ಎಸ್ ಕೊಟ್ಟರೂ ನಿಲ್ಲಲಿಲ್ಲ’ ಎನ್ನುವ ತಂದೆತಾಯಿಯರ ತಪ್ಪೇನಿಲ್ಲ, ಮೋಸ ಡಬ್ಬಿಯದು.

ಇನ್ನೊಂದು ಎಡವಟ್ಟು ಕಲಸುವುದರಲ್ಲಿ. ಪೊಟ್ಟಣಗಳು 200 ಮಿ.ಲೀ., 500 ಮಿ.ಲೀ., 1 ಲೀಟರ್ ಹೀಗೆ ಬೇರೆ ಬೇರೆ ಅಳತೆಯವು. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು; ಶಿಶುವಿಗೆ ಅದು ಫಿಟ್ಸ್ ತರಿಸಬಲ್ಲದು. ಸ್ವಲ್ಪ ಸ್ವಲ್ಪ ಪುಡಿ ತೆಗೆದು ಅಂದಾಜಿನಲ್ಲಿ ಕಲಸುವುದೂ ಬೇಡ, ಪೊಟ್ಟಣದೊಳಗೆ ಲವಣಗಳು ಸಮನಾಗಿ ಹರಡಿರುವುದಿಲ್ಲ. ಕುದಿಸಿ ಆರಿಸಿದ ನೀರನ್ನು ಅಳೆದುಕೊಂಡು ಪೂರ್ತಿ ಪೊಟ್ಟಣ ಹಾಕಿ ಕಲಸಿ. ಕಲಸಿದ ಮೇಲೆ ಕುದಿಸಬೇಡಿ, ಸಕ್ಕರೆ ಸೇರಿಸಬೇಡಿ. 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿಕೊಳ್ಳಿ.

ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50–100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100–200 ಮಿ.ಲೀ., ದೊಡ್ಡವರಿಗೆ ಬೇಕೆನಿಸಿದಷ್ಟು. ಕಣ್ಣು ಗುಳಿಬಿದ್ದು, ಚರ್ಮ ಹಿಂಡಿ ಬಿಟ್ಟರೆ ನಿಧಾನ ಮರಳುತ್ತಿದ್ದರೆ ಮೊದಲ 4 ಗಂಟೆಯಲ್ಲಿ ಕಿಲೋ ತೂಕಕ್ಕೆ 75 ಮಿ.ಲೀ., ಅಂದರೆ 10 ಕಿಲೋ ಮಗುವಿಗೆ 750 ಮಿ.ಲೀ.; ಇದನ್ನು ಆರೋಗ್ಯ ಕೇಂದ್ರದಲ್ಲಿ ಕೂತು ಕುಡಿಸುವುದು ಕ್ಷೇಮ. ವಾಂತಿಯಾದರೆ 10 ನಿಮಿಷ ಸುಮ್ಮನಿದ್ದು ಮತ್ತೆ ಚಮಚದಲ್ಲಿ, ಎರಡು ಮೂರು ನಿಮಿಷಕ್ಕೊಂದು. ಲೋಟ ಹಿಡಿದು ಒಮ್ಮೆಗೇ ಕುಡಿಸಿದ್ದೇ ಬಹುಪಾಲು ವಾಂತಿಗೆ ಕಾರಣ. ಎದೆಹಾಲು ನಿಲ್ಲಿಸಬೇಡಿ, ಊಟ ನಿಲ್ಲಿಸಬೇಡಿ. ಮಗು ಮಂಕಾಗಿ ಮಲಗಿಯೇ ಇದ್ದರೆ, ಕುಡಿಯಲಾರದಿದ್ದರೆ, ಆರೆಂಟು ಗಂಟೆಯಿಂದ ಮೂತ್ರವಿಲ್ಲದಿದ್ದರೆ, ಮಲದಲ್ಲಿ ರಕ್ತವಿದ್ದರೆ ತಕ್ಷಣ ಆಸ್ಪತ್ರೆ.

ಓಆರ್‌ಎಸ್ ಕೊಟ್ಟೊಡನೆ ಭೇದಿ ನಿಲ್ಲುವುದಿಲ್ಲ, ಅದು ನಿಲ್ಲಿಸುವ ಔಷಧವೇ ಅಲ್ಲ. ನಷ್ಟ ತುಂಬುವ ಔಷಧ. ಮಕ್ಕಳಿಗೆ ಭೇದಿಯ ಕಾಲ ಕಡಿಮೆ ಮಾಡುವುದು ಸತು (ಜಿಂಕ್): 6 ತಿಂಗಳ ಒಳಗಿನವರಿಗೆ ದಿನಕ್ಕೆ 10 ಮಿ.ಗ್ರಾಂ, ಮೇಲ್ಪಟ್ಟವರಿಗೆ 20 ಮಿ.ಗ್ರಾಂ, 10ರಿಂದ 14 ದಿನ. ಭೇದಿ ನಿಂತಿತೆಂದು ಮೂರನೇ ದಿನಕ್ಕೆ ಬಿಡಬಾರದು.

ಲೋಪೆರಮೈಡ್ ದೊಡ್ಡವರು ಪ್ರಯಾಣದಲ್ಲಿ ಭೇದಿ ತಡೆಯಲು ಬಳಸುವ ಮಾತ್ರೆ. ಮೊದಲು 4 ಮಿ.ಗ್ರಾಂ, ಆಮೇಲೆ ಪ್ರತಿ ನೀರುಭೇದಿಗೆ 2 ಮಿ.ಗ್ರಾಂ; ವೈದ್ಯರಿಲ್ಲದೆ ದಿನಕ್ಕೆ 8 ಮಿ.ಗ್ರಾಂ ದಾಟಬಾರದು, ಎರಡು ದಿನ ದಾಟಬಾರದು. ಜ್ವರವೋ ರಕ್ತವೋ ಇದ್ದರೆ ಮುಟ್ಟಬೇಡಿ: ಹೊರಗೆ ಹೋಗಬೇಕಾದ ವಿಷವನ್ನು ಒಳಗೇ ತಡೆದಂತೆ. ಪುಟ್ಟ ಮಕ್ಕಳಿಗೆ ಇದು ಬೇಡವೇ ಬೇಡ. ಎರಡು ಆಂಟಿಬಯಾಟಿಕ್ ಸೇರಿಸಿದ ‘ಭೇದಿ ಮಾತ್ರೆ’ಗಳನ್ನು ಕೇಳಿ ಪಡೆಯುವುದಂತೂ ಹಾನಿಯ ಕೆಲಸ. ಸಾಮಾನ್ಯ ನೀರುಭೇದಿಯಲ್ಲಿ ಹೆಚ್ಚಿನದು ವೈರಸ್ಸಿನದು, ಅದಕ್ಕೆ ಆಂಟಿಬಯಾಟಿಕ್ ತಾಗುವುದೇ ಇಲ್ಲ.

ಮಲಬದ್ಧತೆಗೆ

ಇಸಬ್‌ಗೋಲ್ ಹೊಟ್ಟು ಮೊದಲ ಆಯ್ಕೆ, ಒಂದು ಷರತ್ತಿನ ಮೇಲೆ: ನೀರು. 3.5ರಿಂದ 5 ಗ್ರಾಂ ಹೊಟ್ಟಿಗೆ ಕನಿಷ್ಠ 240 ಮಿ.ಲೀ. ನೀರು, ಕಲಸಿದ ಕೂಡಲೇ ಕುಡಿಯಬೇಕು. ಅದು ಲೋಟದಲ್ಲಿ ಗಟ್ಟಿಯಾಗುವಂತೆಯೇ ಗಂಟಲಲ್ಲೂ ಗಟ್ಟಿಯಾಗಬಲ್ಲದು; ನುಂಗಲು ಕಷ್ಟವಿರುವವರಿಗೆ ಬೇಡ. ಫಲ ಕಾಣಲು 12ರಿಂದ 72 ಗಂಟೆ. ಒಮ್ಮೆಗೇ ದೊಡ್ಡ ಪ್ರಮಾಣದಿಂದ ಶುರುಮಾಡಿದರೆ ಹೊಟ್ಟೆ ಉಬ್ಬುತ್ತದೆ, ಅರ್ಧದಿಂದ ಆರಂಭಿಸಿ ವಾರದಲ್ಲಿ ಏರಿಸಿ.

ಅದು ಸಾಲದಿದ್ದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, 17 ಗ್ರಾಂ ಒಂದು ಲೋಟ ನೀರಿಗೆ, ದಿನಕ್ಕೊಮ್ಮೆ. ರುಚಿಯಿಲ್ಲ, ಗ್ಯಾಸ್ ಕಡಿಮೆ, ಒಂದರಿಂದ ಮೂರು ದಿನದಲ್ಲಿ ಕೆಲಸ. ಲ್ಯಾಕ್ಟುಲೋಸ್ 15–30 ಮಿ.ಲೀ. ಸಹ ಅದೇ ಕೆಲಸ ಮಾಡುತ್ತದೆ, ಆದರೆ ತೀರ ಸಿಹಿ ಮತ್ತು ಕರುಳಿನ ಬ್ಯಾಕ್ಟೀರಿಯಗಳು ಅದನ್ನು ಹುಳಿಯಿಸುವುದರಿಂದ ಉಬ್ಬರ ಜಾಸ್ತಿ. ಎರಡರಲ್ಲಿ ನಮ್ಮ ಆಯ್ಕೆ ಮೊದಲನೆಯದು. ಬಿಸಾಕೊಡಿಲ್ 5–10 ಮಿ.ಗ್ರಾಂ ರಾತ್ರಿ ನುಂಗಿದರೆ 6–12 ಗಂಟೆಯಲ್ಲಿ, ಗುದದ್ವಾರದಲ್ಲಿಡುವ ಬತ್ತಿಯಾದರೆ ಒಂದು ಗಂಟೆಯೊಳಗೆ. ಮಾತ್ರೆಯನ್ನು ಹಾಲು ಅಥವಾ ಆಂಟಾಸಿಡ್ ಜೊತೆ ನುಂಗಿದರೆ ಲೇಪ ಜಠರದಲ್ಲೇ ಕರಗಿ ಹೊಟ್ಟೆ ಹಿಂಡುತ್ತದೆ. ಇದು ಆಗೊಮ್ಮೆ ಈಗೊಮ್ಮೆಯ ಔಷಧ.

ಯಾವುದನ್ನೇ ಕೊಳ್ಳುವ ಮುಂಚೆ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ನೋಡಿ. ಕಬ್ಬಿಣಾಂಶ, ಕ್ಯಾಲ್ಸಿಯಂ, ಕೊಡೀನ್ ಇರುವ ಕೆಮ್ಮಿನ ಔಷಧ, ನೋವಿಗೆ ಕೊಡುವ ಟ್ರಮಡಾಲ್, ಕೆಲವು ರಕ್ತದೊತ್ತಡದ ಮಾತ್ರೆಗಳು ಮಲ ಕಟ್ಟಿಸುತ್ತವೆ. ಥೈರಾಯ್ಡ್ ಕಡಿಮೆಯಾದರೂ ಹೀಗಾಗುತ್ತದೆ. ದಿನದ ಮೊದಲ ಊಟವಾದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಕಾಲ ಕೆಳಗೆ ಮಣೆಯಿಟ್ಟು ಮಂಡಿ ಎತ್ತರಿಸಿ ಕೂರುವುದಕ್ಕೆ ಖರ್ಚೇನೂ ಇಲ್ಲ, ಫಲ ಮಾತ್ರ ಚೆನ್ನಾಗಿದೆ.

ಪರೀಕ್ಷೆಯಲ್ಲಿ ಏನೂ ಸಿಗದ ಹೊಟ್ಟೆನೋವು

ವಾರಕ್ಕೊಮ್ಮೆಯಾದರೂ ನೋವು, ಅದರ ಜೊತೆ ಮಲದ ಹದವೋ ಸಂಖ್ಯೆಯೋ ಬದಲಾಗುವುದು, ಮೂರು ತಿಂಗಳಿಂದ ಹೀಗೇ ನಡೆದಿದ್ದರೆ ಅದು ಐಬಿಎಸ್, ಅಂದರೆ ಕರುಳು ಸುಲಭವಾಗಿ ಕೆರಳುವ ತೊಂದರೆ, ಇರಬಹುದು. ಇಲ್ಲಿ ಪ್ರಜೋಲ್ ನುಂಗಿ ಪ್ರಯೋಜನವಿಲ್ಲ, ತೊಂದರೆ ಆಮ್ಲದ್ದಲ್ಲ. ಮೆಬೆವೆರಿನ್ 135 ಮಿ.ಗ್ರಾಂ ಊಟಕ್ಕೆ 20 ನಿಮಿಷ ಮುಂಚೆ ದಿನಕ್ಕೆ ಮೂರು ಸಲ, ಅಥವಾ ಲೇಪವಿರುವ ಪೆಪ್ಪರ್‌ಮಿಂಟ್ ಎಣ್ಣೆಯ 0.2 ಮಿ.ಲೀ. ಕ್ಯಾಪ್ಸೂಲ್ ಊಟಕ್ಕೆ 30–60 ನಿಮಿಷ ಮುಂಚೆ. ಎರಡನೆಯದು ಕರುಳಿನ ಸೆಳೆತವನ್ನು ಸಡಿಲಿಸುವುದರಲ್ಲಿ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿದೆ. ಜಗಿದರೆ ಅಥವಾ ಆಂಟಾಸಿಡ್ ಜೊತೆ ನುಂಗಿದರೆ ಎಣ್ಣೆ ಜಠರದಲ್ಲೇ ಬಿಚ್ಚಿಕೊಂಡು ಎದೆಯುರಿ ತರುತ್ತದೆ. ಗೋಧಿಯ ಬೂಸಾ ಈ ಕಾಯಿಲೆಯಲ್ಲಿ ಉಬ್ಬರ ಹೆಚ್ಚಿಸುತ್ತದೆ, ಇಸಬ್‌ಗೋಲ್ ಒಗ್ಗುತ್ತದೆ. ಜೀರ್ಣಕ್ಕೆಂದು ಮಾರುವ ಎಂಜೈಮ್ ಟಾನಿಕ್‌ಗಳು ಮೇದೋಜೀರಕ ಗ್ರಂಥಿ ಸರಿಯಾಗಿರುವವರಿಗೆ ಏನೂ ಮಾಡುವುದಿಲ್ಲ. ಹಾಲು ಒಗ್ಗದವರಿಗೆ ಲ್ಯಾಕ್ಟೇಸ್ ಮಾತ್ರೆ ಬೇರೆ ವಿಷಯ. ಹಾಲಿನ ಮೊದಲ ಗುಟುಕಿನ ಜೊತೆಗೇ ನುಂಗಿದರೆ ಅದು ನಿಜವಾಗಿ ಕೆಲಸ ಮಾಡುತ್ತದೆ.

ಐಬಿಎಸ್ ಇರುವವರಿಗೆಂದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಲೋ-ಫಾಡ್‌ಮ್ಯಾಪ್ ಆಹಾರಕ್ರಮವನ್ನು ಹಿಡಿಯುವವರು ಮೊದಲ ಹಂತದಲ್ಲೇ ನಿಂತುಬಿಡುತ್ತಾರೆ. ಕರುಳಿನಲ್ಲಿ ಹುಳಿಯುವ ಸಕ್ಕರೆಗಳನ್ನೆಲ್ಲ ಬಿಡುವುದು 4ರಿಂದ 6 ವಾರಕ್ಕೆ ಮಾತ್ರ; ವರ್ಷಗಟ್ಟಲೆ ಬಿಟ್ಟರೆ ಪೋಷಣೆ ಕೆಡುತ್ತದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳೂ ಸೊರಗುತ್ತವೆ. ಆಮೇಲೆ ಆ ಸಕ್ಕರೆಗಳ ಒಂದೊಂದೇ ಗುಂಪನ್ನು ವಾಪಸು ತರಬೇಕು: ಒಂದು ಗುಂಪಿನ ಒಂದೇ ಪದಾರ್ಥ, ಮೂರು ದಿನ, ಪ್ರಮಾಣ ದಿನದಿನಕ್ಕೆ ಏರಿಸುತ್ತ, ಲಕ್ಷಣಗಳನ್ನು ಬರೆದಿಟ್ಟುಕೊಂಡು. ಮೂರನೇ ದಿನವೂ ಹೊಟ್ಟೆ ಸುಮ್ಮನಿದ್ದರೆ ಆ ಗುಂಪಿನಿಂದ ತೊಂದರೆಯಿಲ್ಲ ಎಂದು ಗುರುತು ಹಾಕಿ, ಎರಡು ದಿನ ಬಿಡುವು ಕೊಟ್ಟು ಮುಂದಿನದಕ್ಕೆ ಹೋಗಬಹುದು.